ಅಂಕ ಹುಡುಗಿಯದು, ವಿಭಾಗ ಬಸ್ಸಿನದು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಪತ್ರಿಕೆಯವರು ತಲೆಬರಹಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ‘ಈ ಬಾರಿಯೂ ಬಾಲಕಿಯರೇ ಮೇಲುಗೈ’ ಎಂಬುದು ಸಿದ್ಧವಾಗಿಯೇ ಇರುತ್ತದೆ. 2023ರಲ್ಲಿ ಶೇ 87.87ರಷ್ಟು ಬಾಲಕಿಯರು, ಶೇ 80.08ರಷ್ಟು ಬಾಲಕರು ಪಾಸಾದರು. 2024ರಲ್ಲಿ ಅದು ಶೇ 81.11 ಮತ್ತು ಶೇ 65.90ಕ್ಕೆ ಇಳಿಯಿತು. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದಿತ್ತು. ಗ್ರೇಸ್ ಅಂಕ ಧಾರಾಳವಾಗಿ ಕೊಟ್ಟ ಮೇಲೂ ಬಾಲಕಿಯರ ಫಲಿತಾಂಶ 7 ಅಂಶದಷ್ಟು ಕುಸಿದರೆ ಬಾಲಕರದು 14 ಅಂಶ ಕುಸಿಯಿತು. ಕ್ಯಾಮೆರಾಕ್ಕೆ ಹೆಚ್ಚು ಅಂಜಿದವರು ಯಾರೆಂದು ಬಿಡಿಸಿ ಹೇಳಬೇಕೇ?

ಆ ತಲೆಬರಹದಲ್ಲಿ ಬಾರದ ಸಂಗತಿ ಒಂದಿದೆ. ಅಷ್ಟು ಅಂಕ ತೆಗೆದ ಹುಡುಗಿ ಮುಂದೆ ಏನು ಓದುತ್ತಾಳೆ? ವಿದ್ವಾಂಸರು ಈ ಪ್ರಶ್ನೆಯನ್ನು ನೆಟ್ಟಗೆ ಕೇಳಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಮೊದಲಿಗೆ ಇದ್ದದ್ದು ಹೆಣ್ಣು ಶಾಲೆಗೆ ಬರಬೇಕೇ ಬೇಡವೇ ಎಂಬ ಜಗಳ. ಮುಂಬೈ ಪ್ರಾಂತ್ಯದ ಪುಣೆಯಲ್ಲಿ 1848ರಲ್ಲಿ ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳಿಗೆ ಪಾಠ ಹೇಳತೊಡಗಿದರು. ಮೈಸೂರಿನಲ್ಲಿ ಮಹಾರಾಣಿಯವರ ಹೆಸರಿನ ಬಾಲಿಕಾ ಪಾಠಶಾಲೆ ತೆರೆದದ್ದು 1881ರಲ್ಲಿ. ಬಾಗಿಲು ತೆರೆದ ಮೇಲೆ ಜಗಳ ಒಳಗೆ ಬಂತು. ಬಂದವಳಿಗೆ ಏನು ಕಲಿಸಬೇಕು? ಹೊಲಿಗೆ, ಆರೋಗ್ಯ, ಅಡುಗೆ ಎಂಬುದು ಆ ಕಾಲದ ಸಾಮಾನ್ಯ ಉತ್ತರ. 1933ರಲ್ಲಿ ಕಮಲಾ ಸೊಹೋನಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಾಗ ಸಿ.ವಿ. ರಾಮನ್ ಅವರಂಥ ರಾಮನ್ನರೇ ಹೆಣ್ಣೆಂಬ ಕಾರಣಕ್ಕೆ ಸೇರಿಸಿಕೊಳ್ಳಲು ಹಿಂದೆಮುಂದೆ ನೋಡಿದ್ದರು.

1962ರ ಹಂಸಾ ಮೆಹ್ತಾ ಸಮಿತಿ ಈ ವಾದಕ್ಕೆ ಕಡಿವಾಣ ಹಾಕಿತು. ಗಂಡಿಗೊಂದು ಹೆಣ್ಣಿಗೊಂದು ಪಠ್ಯ ಸಲ್ಲದು ಎಂಬುದು ಅದರ ನಿಲುವು. ಕೊಠಾರಿ ಆಯೋಗ (1964–66) ಅದನ್ನು ಒಪ್ಪಿ, ಮೊದಲ ಹತ್ತು ವರ್ಷ ಎಲ್ಲರಿಗೂ ಗಣಿತ, ವಿಜ್ಞಾನ ಕಡ್ಡಾಯವಾಗಬೇಕೆಂದಿತು. ಅದಕ್ಕೂ ಮುಂಚೆ ಹಲವು ಕಡೆ ಮೆಟ್ರಿಕ್‌ನಲ್ಲಿ ಹುಡುಗಿಯರು ಗಣಿತ ಬಿಟ್ಟು ಗೃಹವಿಜ್ಞಾನ ಹಿಡಿಯಬಹುದಿತ್ತು. ಇಂದು ಎಸ್ಸೆಸ್ಸೆಲ್ಸಿಯಲ್ಲಿ ಹುಡುಗಿಯರ ಗಣಿತದ ಅಂಕ ನೋಡಿ ಬೆರಗಾಗುವವರಲ್ಲಿ ಈ ಶಿಫಾರಸನ್ನು ನೆನೆಯುವವರು ಕಡಿಮೆ.

1974ನೆಯ ಇಸವಿ ಈ ಕಥೆಯಲ್ಲಿ ವಿಚಿತ್ರವಾದದ್ದು. ಭಾರತದ ಮಹಿಳೆಯರ ಸ್ಥಿತಿಗತಿ ಕುರಿತ ರಾಷ್ಟ್ರೀಯ ಸಮಿತಿಯ ‘ಟುವರ್ಡ್ಸ್ ಈಕ್ವಾಲಿಟಿ’ ವರದಿ ಬಂದದ್ದು ಆಗಲೇ. ಧಾರವಾಡದಲ್ಲಿ ಗ್ರಾಮೀಣ ಗೃಹವಿಜ್ಞಾನ ಕಾಲೇಜು ಶುರುವಾದದ್ದೂ ಆಗಲೇ. ಹುಬ್ಬಳ್ಳಿಯ ಬಿ.ವಿ. ಭೂಮರೆಡ್ಡಿ ಕಾಲೇಜಿನಲ್ಲಿ ಗಂಡುಹುಡುಗರ ನಡುವೆ ಒಬ್ಬಳೇ ಹುಡುಗಿಯಾಗಿ ಎಂಜಿನಿಯರಿಂಗ್ ಓದಿ ಬಂದಿದ್ದ ಸುಧಾ ಕುಲಕರ್ಣಿ, ಮುಂದೆ ಸುಧಾ ಮೂರ್ತಿ, ಹೆಂಗಸರು ಅರ್ಜಿ ಹಾಕಬೇಕಿಲ್ಲ ಎಂದಿದ್ದ ಟೆಲ್ಕೊ ಜಾಹೀರಾತು ಕಂಡು ಜೆ.ಆರ್.ಡಿ. ಟಾಟಾ ಅವರಿಗೆ ಕಾರ್ಡು ಬರೆದದ್ದು ಅದೇ ಸುಮಾರಿಗೆ. ಅದೇ ವರ್ಷ ಅಮೆರಿಕದ ಎಲಿನರ್ ಮ್ಯಾಕೋಬಿ ಮತ್ತು ಕ್ಯಾರಲ್ ಜ್ಯಾಕ್ಲಿನ್ ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಜಾಲಾಡಿ, ಹೆಣ್ಣು–ಗಂಡಿನ ಬುದ್ಧಿಯ ಬಗ್ಗೆ ಜನ ನಂಬಿದ್ದ ಬಹುಪಾಲು ವ್ಯತ್ಯಾಸಗಳಿಗೆ ಆಧಾರವಿಲ್ಲ ಎಂದರು. ಭಾಷೆಯಲ್ಲಿ ಹುಡುಗಿಯರು, ಗಣಿತದಲ್ಲೂ ಆಕಾರ–ದಿಕ್ಕುಗಳ ಗ್ರಹಿಕೆಯಲ್ಲೂ ಹುಡುಗರು ಮುಂದು ಎಂಬಷ್ಟನ್ನು ಮಾತ್ರ ಉಳಿಸಿಕೊಂಡರು.

ಉಳಿದ ಅಷ್ಟರ ಮೇಲೆಯೇ ಮುಂದಿನ ನಲವತ್ತು ವರ್ಷ ಕಾಳಗ ನಡೆಯಿತು. 1980ರಲ್ಲಿ ಬೆನ್ಬೊ ಮತ್ತು ಸ್ಟ್ಯಾನ್ಲಿ, ಗಣಿತದ ಪ್ರತಿಭೆಯಲ್ಲಿ ಹುಡುಗರ ಮೇಲುಗೈಗೆ ಹುಟ್ಟಿನ ಪಾಲೂ ಇರಬಹುದೆಂದರು. 2005ರಲ್ಲಿ ಜ್ಯಾನೆಟ್ ಹೈಡ್, ಇಬ್ಬರಲ್ಲೂ ಸಾಮ್ಯವೇ ಹೆಚ್ಚು ಎಂದು ಲೆಕ್ಕ ಮುಂದಿಟ್ಟರು. 2008ರಲ್ಲಿ ಗ್ವಿಸೊ ಮತ್ತು ಸಂಗಡಿಗರು ದೇಶದೇಶಗಳ ಅಂಕ ಹೋಲಿಸಿ, ಹೆಣ್ಣುಗಂಡು ಸಮಾನತೆ ಹೆಚ್ಚಿದ್ದಲ್ಲಿ ಗಣಿತದ ಅಂತರ ಕರಗುತ್ತದೆಂದು ತೋರಿಸಿದರು. 2018ರಲ್ಲಿ ಸ್ಟೂಟ್ ಮತ್ತು ಗಿಯರಿ ಇದಕ್ಕೆ ತಿರುಗುಬಾಣ ಬಿಟ್ಟರು: ಸಮಾನತೆ ಹೆಚ್ಚಿದ ದೇಶಗಳಲ್ಲೇ ಹುಡುಗಿಯರು ವಿಜ್ಞಾನ, ತಂತ್ರಜ್ಞಾನದ ಪದವಿಗೆ ಕಡಿಮೆ ಹೋಗುತ್ತಾರೆ ಎಂದು. ಅವರ ಲೆಕ್ಕಕ್ಕೆ ತಕರಾರು ಬಂದು ಮರುವರ್ಷ ತಿದ್ದುಪಡಿ ಹಾಕಬೇಕಾಯಿತು. ಒಟ್ಟಿನಲ್ಲಿ, ಅಲ್ಲಿಯತನಕ ಎಲ್ಲರೂ ಹುಡುಗಿಯ ತಲೆಯೊಳಗೇ ಹುಡುಕುತ್ತಿದ್ದವರು ನಿಧಾನಕ್ಕೆ ಅವಳ ಸುತ್ತಮುತ್ತ ಕಣ್ಣು ಹಾಯಿಸತೊಡಗಿದರು.

ಕರ್ನಾಟಕದ ಮಟ್ಟಿಗೆ ತಲೆಯ ಪ್ರಶ್ನೆ ಹೆಚ್ಚುಕಡಿಮೆ ಮುಗಿದಂತೆಯೇ. 2018ರ ‘ಅಸರ್’ ಗ್ರಾಮೀಣ ಶಿಕ್ಷಣ ಸಮೀಕ್ಷೆಯಲ್ಲಿ 14ರಿಂದ 16 ವಯಸ್ಸಿನವರಿಗೆ ಭಾಗಾಕಾರ ಕೊಟ್ಟು ನೋಡಿದಾಗ, ಇಡೀ ಗ್ರಾಮೀಣ ಭಾರತದಲ್ಲಿ ಹುಡುಗರು ಮುಂದಿದ್ದರೂ ಕರ್ನಾಟಕ, ಕೇರಳ, ತಮಿಳುನಾಡು, ಪಂಜಾಬ್, ಹಿಮಾಚಲದಲ್ಲಿ ಹುಡುಗಿಯರೇ ಮುಂದಿದ್ದರು. ಲೆಕ್ಕ ಬರುತ್ತದೆ, ಲೆಕ್ಕದ ಕ್ಲಾಸಿಗೆ ಹೋಗುವುದೇ ಬೇರೆ ಮಾತು. 2023ರ ‘ಅಸರ್’ ಪ್ರಕಾರ ಹನ್ನೊಂದನೆಯ ತರಗತಿ ಅಥವಾ ಅದಕ್ಕೂ ಮೇಲೆ ಓದುವ 14–18 ವಯಸ್ಸಿನ ಹಳ್ಳಿಯ ಮಕ್ಕಳಲ್ಲಿ ವಿಜ್ಞಾನ–ತಂತ್ರಜ್ಞಾನದ ಹಾದಿ ಹಿಡಿದ ಹುಡುಗರು ಶೇ 36.3, ಹುಡುಗಿಯರು ಶೇ 28.1.

ಗದಗ ತಾಲ್ಲೂಕಿನ ಹರ್ತಿಯಂಥ ಊರಿನಲ್ಲಿ ನಿಂತರೆ ಈ ಅಂತರದ ಮೂಲ ಬರಿಗಣ್ಣಿಗೇ ಕಾಣುತ್ತದೆ. ಎರಿ ನೆಲ, ಮಳೆ ನಂಬಿದ ಬೇಸಾಯ. ಶ್ರಾವಣದ ಹೊತ್ತಿಗೆ ಹೆಸರುಕಾಯಿ ಬಿಡಿಸುವ ಕೆಲಸ, ಆಮೇಲೆ ಹತ್ತಿ ಬಿಡಿಸುವ ಕೆಲಸ. ಎರಡಕ್ಕೂ ಹೆಣ್ಣಾಳು ಬೇಕು. ಅವ್ವ ಹೊಲಕ್ಕೆ ಹೋದ ದಿನ ಮನೆ, ತಮ್ಮ, ಎಮ್ಮೆ ಮಗಳ ಪಾಲು. ಇಷ್ಟರ ನಡುವೆಯೂ ಆಕೆ ಫಸ್ಟ್ ಕ್ಲಾಸಿನಲ್ಲಿ ಪಾಸಾಗುತ್ತಾಳೆ. ಆಮೇಲೆ ಮನೆಯಲ್ಲಿ ಮಾತು ಶುರು: “ಸೈನ್ಸ್ ತಗೊಂಡ್ರ ಪ್ರಾಕ್ಟಿಕಲ್ ಅಂತ ಸಂಜಿ ಆಗತೈತಿ, ಮ್ಯಾಲ ಟ್ಯೂಷನ್ ಬ್ಯಾರೆ. ಬಸ್ ಯಾವಾಗ ಸಿಗಬೇಕವ್ವಾ?” ಅಪ್ಪ ಕೆಟ್ಟವನಲ್ಲ, ಕೇಳುವ ಪ್ರಶ್ನೆಯೂ ಸುಳ್ಳಲ್ಲ. ಪ್ರಯೋಗಾಲಯ, ವಿಜ್ಞಾನದ ಲೆಕ್ಚರರು ಇರುವುದು ಹೆಚ್ಚಾಗಿ ಗದುಗಿನಂಥ ಪಟ್ಟಣದಲ್ಲಿ. ಹತ್ತಿರದ ಕಾಲೇಜಿನಲ್ಲಿ ಸಲೀಸಾಗಿ ಸಿಗುವುದು ಎಚ್‌ಇಪಿಎಸ್, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಹುಡುಗಿಗೆ ‘ಆರ್ಟ್ಸ್ ಇಷ್ಟ’ ಎಂದು ಅರ್ಜಿಯಲ್ಲಿ ದಾಖಲಾಗುತ್ತದೆ. 2024ರ ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನದವರು ಶೇ 89.96ರಷ್ಟು ಪಾಸಾದರೆ ಕಲಾ ವಿಭಾಗದವರು ಶೇ 68.36. ಜಿಲ್ಲೆಗಳ ಪಟ್ಟಿಯಲ್ಲಿ ಕೊನೆಯ ಸ್ಥಾನ ಗದುಗಿನದು, ಶೇ 72.86.

ದಾರಿಯೇ ಆಯ್ಕೆಯನ್ನು ತೀರ್ಮಾನಿಸುತ್ತದೆ ಎಂಬುದನ್ನು ಈಚಿನ ಅರ್ಥಶಾಸ್ತ್ರಜ್ಞರು ಅಳೆದು ತೋರಿಸಿದ್ದಾರೆ. ಬಿಹಾರದಲ್ಲಿ ಹುಡುಗಿಯರಿಗೆ ಸೈಕಲ್ ಕೊಟ್ಟ ಯೋಜನೆಯನ್ನು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಧ್ಯಯನ ಮಾಡಿದರು. ಪ್ರೌಢಶಾಲೆ ಸೇರುವ ಹುಡುಗಿಯರು ಶೇ 32ರಷ್ಟು ಹೆಚ್ಚಿದ್ದರು, ಹುಡುಗರೊಂದಿಗಿನ ಅಂತರ ಶೇ 40ರಷ್ಟು ತಗ್ಗಿತ್ತು. ದೆಹಲಿಯಲ್ಲಿ ಗಿರಿಜಾ ಬೋರ್ಕರ್ ಕಂಡದ್ದು ಇನ್ನೂ ಕಹಿ: ಸುರಕ್ಷಿತ ದಾರಿಗಾಗಿ ಹುಡುಗಿಯರು ಒಳ್ಳೆಯ ಕಾಲೇಜನ್ನೇ ಬಿಟ್ಟು ಕೆಳದರ್ಜೆಯದಕ್ಕೆ ಸೇರಲು ತಯಾರು. ಕರ್ನಾಟಕ 2006–07ರಿಂದ ಸೈಕಲ್ ಹಂಚಿತು. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಡಿ ಹೆಣ್ಣುಮಕ್ಕಳಿಗೆ ಬಸ್ ಟಿಕೆಟ್ ಉಚಿತ. ಟಿಕೆಟ್ ಉಚಿತವಾದ ಮಾತ್ರಕ್ಕೆ ಸಂಜೆ ಆರರ ಬಸ್ಸು ಹುಟ್ಟಿಬರುವುದಿಲ್ಲ ಎಂಬುದು ಬೇರೆ ಮಾತು.

ಪಟ್ಟಣ ಮುಟ್ಟಿದವರು ಮಾತ್ರ ಹಿಂದೆ ಬಿದ್ದಿಲ್ಲ. 2021–22ರ ಉನ್ನತ ಶಿಕ್ಷಣ ಸಮೀಕ್ಷೆಯಂತೆ ದೇಶದ ವಿಜ್ಞಾನ ವಿಭಾಗಗಳಲ್ಲಿ ಹುಡುಗಿಯರು 29.8 ಲಕ್ಷ, ಹುಡುಗರು 27.4 ಲಕ್ಷ. ಎಂಜಿನಿಯರಿಂಗ್ ಇನ್ನೂ ಗಂಡಸರ ಕೋಟೆ. ಅದರ ಹಿಂದಿನ ವರ್ಷದ ಸಮೀಕ್ಷೆಯಲ್ಲಿ ಹುಡುಗಿಯರ ಪಾಲು ಶೇ 29. ಐಐಟಿಗಳಲ್ಲಿ 2018ರಿಂದ ಹೆಚ್ಚುವರಿ ಸೀಟು ಸೃಷ್ಟಿಸಿ ಹುಡುಗಿಯರನ್ನು ಸೇರಿಸಿಕೊಳ್ಳಲಾಗುತ್ತಿದೆ, ಪಕ್ಕದ ಧಾರವಾಡದ ಐಐಟಿಯಲ್ಲೂ. ಆದರೆ ಎಚ್‌ಇಪಿಎಸ್ ಓದಿದವಳಿಗೆ ಆ ಸೀಟು ಲೆಕ್ಕಕ್ಕಿಲ್ಲ.

ಇನ್ನು 2024ರ ಎಸ್ಸೆಸ್ಸೆಲ್ಸಿಯಲ್ಲಿ ಶೇ 65.90ಕ್ಕೆ ಕುಸಿದ ಹುಡುಗರು. ಇವರ ಬಗ್ಗೆ ಸಂಶೋಧನೆ ಕಣ್ಣು ತೆರೆದದ್ದೇ ತಡವಾಗಿ. ಯುನೆಸ್ಕೊ 2022ರಲ್ಲಿ ಹುಡುಗರು ಶಾಲೆಯಿಂದ ದೂರವಾಗುತ್ತಿರುವುದರ ಬಗ್ಗೆ ಜಾಗತಿಕ ವರದಿ ತಂದು ಬಡತನ, ಎಳವೆಯಲ್ಲೇ ದುಡಿಮೆ, ಬೆತ್ತದ ಶಿಸ್ತು, ಗಂಡಸು ಹೀಗಿರಬೇಕೆಂಬ ಕಟ್ಟಳೆಗಳನ್ನು ಕಾರಣವಾಗಿ ಕೊಟ್ಟಿತು. ಗದಗ ಸೀಮೆಯಲ್ಲಿ ಇದರ ರೂಪ ಗೊತ್ತಿದ್ದದ್ದೇ. ಫೇಲಾದ ಹುಡುಗ ಟ್ರ್ಯಾಕ್ಟರ್ ಸ್ಟಿಯರಿಂಗ್ ಹಿಡಿಯುತ್ತಾನೆ, ಇಲ್ಲವೇ ಗೋವಾದ ಕಟ್ಟಡ ಕೆಲಸಕ್ಕೆ ಬಸ್ ಹತ್ತುತ್ತಾನೆ. ಅವನಿಗೆ ಬಸ್ಸಿನ ಹೊತ್ತು ಯಾರೂ ಕೇಳುವುದಿಲ್ಲ. ಮತ್ತೊಮ್ಮೆ ಪರೀಕ್ಷೆಗೆ ಕೂರುತ್ತೀಯಾ ಎಂದು ಕೇಳುವವರೂ ಕಡಿಮೆ.