ವಿಷಾನಿಲ ಸೋರಿದ ಮೇಲೆ ಆರೋಗ್ಯ ಸಮೀಕ್ಷೆ: ಊರಿನವರು ಏನು ತಿಳಿದಿರಬೇಕು?

ಶಿರಸಿ: ಕಾರ್ಖಾನೆಯಿಂದಲೋ ಟ್ಯಾಂಕರ್‌ನಿಂದಲೋ ವಿಷಾನಿಲ ಸೋರಿದರೆ ಅಂದೇ ಆಂಬುಲೆನ್ಸ್ ಬರುತ್ತದೆ, ಮರುದಿನ ಪರಿಹಾರದ ಮಾತು ಬರುತ್ತದೆ. ಆದರೆ ಗಾಳಿ ಕುಡಿದವರ ಆರೋಗ್ಯ ಐದು ವರ್ಷ, ಹತ್ತು ವರ್ಷದ ಮೇಲೆ ಏನಾಯಿತು ಎಂದು ಹೇಳುವುದು ಆರೋಗ್ಯ ಸಮೀಕ್ಷೆ ಮಾತ್ರ. ಆ ಸಮೀಕ್ಷೆಯಲ್ಲಿ ಊರಿನವರು ಬರೀ ರಕ್ತ ಕೊಟ್ಟು ಮನೆಗೆ ಹೋದರೆ ಏನಾಗುತ್ತದೆ, ಮೊದಲ ದಿನದಿಂದ ಜೊತೆಗಿದ್ದರೆ ಏನಾಗುತ್ತದೆ? ಎರಡಕ್ಕೂ ದೇಶದಲ್ಲಿ ಉದಾಹರಣೆ ಇದೆ.

ನಮಗ್ಯಾಕೆ ಇದು?

ಭೈರುಂಬೆ ಸುತ್ತಮುತ್ತ ಅಡಿಕೆ ತೋಟ ಬಿಟ್ಟರೆ ದೊಡ್ಡ ಕೆಮಿಕಲ್ ಕಾರ್ಖಾನೆ ಇಲ್ಲ, ನಿಜ. ಆದರೆ ಜಿಲ್ಲೆಯೊಳಗೆ ಕಾರವಾರದ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆ ಇದೆ. ಕಾಸ್ಟಿಕ್ ಸೋಡಾ ತಯಾರಾಗುವಾಗ ಜೊತೆಗೇ ಕ್ಲೋರಿನ್ ಅನಿಲ ಹುಟ್ಟುತ್ತದೆ. ಯಲ್ಲಾಪುರದ ಅರಬೈಲ್ ಘಾಟಿನಲ್ಲಿ ಟ್ಯಾಂಕರ್ ಪಲ್ಟಿ ಆಗುವುದು ಹೊಸ ಸುದ್ದಿಯಲ್ಲ. ಕುಮಟಾ ತಾಲೂಕಿನ ಬರ್ಗಿಯಲ್ಲಿ 2015ರಲ್ಲಿ ಗ್ಯಾಸ್ ಟ್ಯಾಂಕರ್ ಪಲ್ಟಿಯಾಗಿ ಬೆಂಕಿ ಹತ್ತಿದ್ದನ್ನು ಜಿಲ್ಲೆಯ ಜನ ಮರೆತಿಲ್ಲ. ಅನಿಲ ಹೊತ್ತ ಲಾರಿ ಯಾವ ಊರಿನ ಎದುರು ಬೀಳುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ.

ಭೋಪಾಲ್ ಕಲಿಸಿದ್ದು

1984ರ ಡಿಸೆಂಬರ್ 2ರ ರಾತ್ರಿ ಭೋಪಾಲ್‌ನ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯಿಂದ ಸುಮಾರು 40 ಟನ್ ಮಿಥೈಲ್ ಐಸೋಸೈನೇಟ್ ಸೋರಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 1985ರಿಂದ ದೊಡ್ಡ ಅಧ್ಯಯನ ಶುರು ಮಾಡಿತು. ಗಾಳಿ ಕುಡಿದ ಪ್ರದೇಶದ 80,021 ಜನ, ಹೋಲಿಕೆಗಾಗಿ ಗಾಳಿ ತಾಗದ ಪ್ರದೇಶದ 15,931 ಜನರ ಹೆಸರು ಪಟ್ಟಿಗೆ ಸೇರಿತು.

ಲೆಕ್ಕ ದೊಡ್ಡದೇ. ಆದರೆ ವರ್ಷ ಕಳೆದಂತೆ ಮನೆ ಬದಲಿಸಿದವರು, ಊರು ಬಿಟ್ಟವರು ಪಟ್ಟಿಯಿಂದ ಕೈತಪ್ಪಿದರು. 1994ರಲ್ಲಿ ಐಸಿಎಂಆರ್ ತನ್ನ ಕೆಲಸ ನಿಲ್ಲಿಸಿ ರಾಜ್ಯ ಸರಕಾರಕ್ಕೆ ವಹಿಸಿತು. ಆ ಅಧ್ಯಯನದ ತಾಂತ್ರಿಕ ವರದಿ ಅಚ್ಚಾಗಿ ಹೊರಬಂದದ್ದು 2004ರಲ್ಲಿ. ದುರಂತ ಆಗಿ 20 ವರ್ಷ! ಸಂಶೋಧನೆಗೇ ಅಂತ ಭೋಪಾಲ್‌ನಲ್ಲಿ ರಾಷ್ಟ್ರೀಯ ಸಂಸ್ಥೆ ಆದದ್ದು 2010ರಲ್ಲಿ.

ಇದೇ ಹೊತ್ತಿಗೆ ಸಣ್ಣ ಕೆಲಸವೂ ನಡೆದಿತ್ತು. ಮೆಡಿಕೊ ಫ್ರೆಂಡ್ ಸರ್ಕಲ್ ಎಂಬ ವೈದ್ಯರ ಬಳಗ 1985ರ ಮಾರ್ಚ್‌ನಲ್ಲೇ ಕಾರ್ಖಾನೆ ಎದುರಿನ ಜೆ.ಪಿ. ನಗರ, ದೂರದ ಅಣ್ಣಾ ನಗರ ಎರಡೂ ಕಡೆ ಮನೆಮನೆ ಹತ್ತಿ ಹೋಲಿಸಿ ನೋಡಿತು. ಕಣ್ಣು, ಶ್ವಾಸಕೋಶವಷ್ಟೇ ಅಲ್ಲ, ಬೇರೆ ತೊಂದರೆಗಳೂ ಇವೆ ಎಂಬುದು ಆಗಲೇ ಗೊತ್ತಾಯಿತು. ಹೆಂಗಸರ ಮುಟ್ಟಿನ ತೊಂದರೆ, ಗರ್ಭಪಾತದ ವಿಷಯ ಬೆಳಕಿಗೆ ಬಂದದ್ದು ಕೂಡ ಆ ವರ್ಷ ಸ್ವಯಂಸೇವಕ ವೈದ್ಯರು ಬಸ್ತಿಗಳಿಗೆ ಹೋಗಿ ಮಾಡಿದ ಸಮೀಕ್ಷೆಗಳಿಂದ. ಇಂಥ ವಿಷಯವನ್ನು ಗಂಡಸರು ಫಾರ್ಮ್ ಹಿಡಿದು ಬಂದು ಕೇಳಿದರೆ ಯಾವ ಊರಿನಲ್ಲೂ ಹೆಂಗಸರು ಹೇಳುವುದಿಲ್ಲ.

ಸಂತ್ರಸ್ತರ ಸಂಘಟನೆಗಳು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2012ರ ಆಗಸ್ಟ್‌ನಲ್ಲಿ ಆದೇಶ ಕೊಟ್ಟಿತು: ಚಿಕಿತ್ಸೆಯ ದಾಖಲೆ ಕಂಪ್ಯೂಟರ್‌ಗೆ ಏರಿಸಿ, ಪ್ರತಿ ಸಂತ್ರಸ್ತರಿಗೂ ಆರೋಗ್ಯ ಪುಸ್ತಿಕೆ ಕೊಡಿ. ತಮ್ಮದೇ ಕಾಯಿಲೆಯ ಕಾಗದ ಕೈಗೆ ಸಿಗಲು 28 ವರ್ಷ ಮತ್ತು ಕೋರ್ಟ್ ಬೇಕಾಯಿತು.

ಪಡ್ರೆಯಲ್ಲಿ ಊರೇ ಮೊದಲು

ಅಡಿಕೆ ಬೆಳೆಗಾರರಿಗೆ ಶ್ರೀಪಡ್ರೆ ಹೆಸರು ಹೊಸದಲ್ಲ. ಅವರ ಊರು ಕಾಸರಗೋಡು ಜಿಲ್ಲೆ ಎಣ್ಮಕಜೆ ಪಂಚಾಯಿತಿಯ ಪಡ್ರೆ. ಅಲ್ಲಿ ನಡೆದದ್ದು ಅನಿಲ ಸೋರಿಕೆ ಅಲ್ಲ. ಕೇರಳದ ತೋಟಗಾರಿಕೆ ನಿಗಮ ಗೇರು ತೋಟಕ್ಕೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿತ್ತು, 2000ದವರೆಗೂ. ಆದರೆ ಗಾಳಿಯಲ್ಲಿ ಬಂದ ವಿಷಕ್ಕೆ ಲೆಕ್ಕ ಕೇಳಿದ ಕನ್ನಡ ಊರು ಅಂದರೆ ಅದೇ.

ವಾಣಿನಗರದಲ್ಲಿ ಕ್ಲಿನಿಕ್ ಇಟ್ಟಿದ್ದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಂಗವೈಕಲ್ಯ, ಕ್ಯಾನ್ಸರ್ ಹೆಚ್ಚಿರುವುದನ್ನು ಗಮನಿಸಿದರು. ಶ್ರೀಪಡ್ರೆ ಪತ್ರಿಕೆಗಳಲ್ಲಿ ಬರೆದರು. 2001ರಲ್ಲಿ ದಿಲ್ಲಿಯ ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್ವಿರಾನ್‌ಮೆಂಟ್ ರಕ್ತ, ನೀರು ಪರೀಕ್ಷಿಸಿ ಎಂಡೋಸಲ್ಫಾನ್ ಇದೆ ಎಂದಿತು. ನಿಗಮ ಮಾಡಿಸಿದ ಪರೀಕ್ಷೆ ರಕ್ತದಲ್ಲಿ ಇಲ್ಲ ಎಂದಿತು. ಒಂದೇ ಊರು, ಎರಡು ವರದಿ.

ಆಮೇಲೆ ಬಂದದ್ದು ಐಸಿಎಂಆರ್‌ಗೆ ಸೇರಿದ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ. ಪಡ್ರೆಯ ಶಾಲಾ ಮಕ್ಕಳ ಜೊತೆ ಸಿಂಪಡಣೆ ಇಲ್ಲದ ಊರಿನ ಮಕ್ಕಳನ್ನೂ ಹೋಲಿಸಿತು. 10ರಿಂದ 19 ವರ್ಷದ 117 ಹುಡುಗರು ಈ ಕಡೆ, 90 ಹುಡುಗರು ಆ ಕಡೆ. ಸಿಂಪಡಣೆಯಾದ ಊರಿನ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂಬುದು 2003ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶಾದ್ಯಂತ ಎಂಡೋಸಲ್ಫಾನ್ ತಡೆಯಿತು. ನಮ್ಮ ಜಿಲ್ಲೆಯೂ ಸೇರಿ ಕರ್ನಾಟಕದ ಮೂರು ಕರಾವಳಿ ಜಿಲ್ಲೆಗಳಲ್ಲಿ ಸಂತ್ರಸ್ತರ ಸಮೀಕ್ಷೆ, ಮಾಸಾಶನ ಆದದ್ದರ ಹಿಂದೆಯೂ ಈ ಹೋರಾಟ ಇದೆ.

ಊರಿನವರು ಎಣಿಸದೇ ಇದ್ದರೆ ವಿಜ್ಞಾನಿಗಳು ಬರುತ್ತಲೇ ಇರಲಿಲ್ಲ. ಹೋಲಿಕೆ ಇಲ್ಲದೇ ಇದ್ದರೆ ಊರಿನವರ ಮಾತನ್ನು ಯಾರೂ ಒಪ್ಪುತ್ತಿರಲಿಲ್ಲ. ಎರಡೂ ಬೇಕು.

ಮೊದಲ ವಾರ ಯಾಕೆ ಮುಖ್ಯ?

ಎಲ್ಲ ಅನಿಲವೂ ದೇಹದಲ್ಲಿ ಗುರುತು ಬಿಟ್ಟು ಹೋಗುವುದಿಲ್ಲ. 2020ರ ಮೇ 7ರಂದು ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್‌ನಿಂದ ಸ್ಟೈರೀನ್ ಸೋರಿ 12 ಜನ ಸತ್ತರು. ಸ್ಟೈರೀನ್ ದೇಹ ಹೊಕ್ಕಿದ್ದಕ್ಕೆ ಮೂತ್ರದಲ್ಲಿ ಸಾಕ್ಷಿ ಸಿಗುತ್ತದೆ, ಆದರೆ ಕೆಲವೇ ದಿನ. ಕ್ಲೋರಿನ್ ಆದರೆ ರಕ್ತ ಪರೀಕ್ಷೆಯಲ್ಲಿ ಹಿಡಿಯಲಿಕ್ಕೇ ಆಗುವುದಿಲ್ಲ. ಅದು ಶ್ವಾಸನಾಳ ಸುಟ್ಟು ಹೋಗಿರುತ್ತದೆ. ಅಲ್ಲಿ ಬೇಕಾದದ್ದು ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಸ್ಪೈರೋಮೆಟ್ರಿ, ಮತ್ತೆ ಯಾರಿಗೆ ಯಾವಾಗ ಏನಾಯಿತು ಎಂಬ ಬರಹ.

ಮೊದಲಿನ ಲೆಕ್ಕ ಇದ್ದರೆ ಎಷ್ಟು ಉಪಯೋಗ ಎಂಬುದಕ್ಕೆ ಕೈಗಾ ಉದಾಹರಣೆ. 2009ರ ನವೆಂಬರ್‌ನಲ್ಲಿ ಸ್ಥಾವರದ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಸೇರಿದ್ದು ಗೊತ್ತಾದದ್ದು ಕಾರ್ಮಿಕರ ಮೂತ್ರವನ್ನು ಆಗಾಗ ಪರೀಕ್ಷಿಸುವ ಪದ್ಧತಿ ಇದ್ದುದರಿಂದ.

ಊರಿನವರಿಗೇ ಗೊತ್ತಿರುವುದು

ಗಾಳಿ ಯಾವ ಕಡೆ ಬೀಸುತ್ತಿತ್ತು, ಯಾರು ತೋಟದ ತಗ್ಗಿನಲ್ಲಿದ್ದರು, ಯಾರು ಗುಡ್ಡದ ಮೇಲಿದ್ದರು ಎಂಬುದು ಹೊರಗಿನಿಂದ ಬಂದವರಿಗೆ ಗೊತ್ತಾಗುವುದಿಲ್ಲ. ಕ್ಲೋರಿನ್ ಗಾಳಿಗಿಂತ ಭಾರ, ತಗ್ಗಿಗೇ ಇಳಿಯುತ್ತದೆ. ನಮ್ಮ ಕಣಿವೆ ತೋಟಗಳಲ್ಲಿ ಇದು ಸಣ್ಣ ವಿಷಯವಲ್ಲ.

ಪಡಿತರ ಚೀಟಿ ಹಿಡಿದು ಪಟ್ಟಿ ಮಾಡಿದರೆ ಕೊನೆಕೊಯ್ಲಿಗೆ ಬಂದ ಹೊರಗಿನ ಆಳುಗಳು, ಬಾಡಿಗೆಯವರು, ಹಬ್ಬಕ್ಕೆ ಬಂದು ಬೆಂಗಳೂರಿಗೆ ಮರಳಿದ ಮಕ್ಕಳು ತಪ್ಪಿಹೋಗುತ್ತಾರೆ. ಹೋಲಿಕೆಯ ಊರನ್ನೂ ನೋಡಿ ಆರಿಸಬೇಕು. ಮಲೆನಾಡಿನ ಮಳೆಗಾಲದ ಕೆಮ್ಮು, ಕಟ್ಟಿಗೆ ಒಲೆಯ ಹೊಗೆ, ಕೊಳೆ ಔಷಧಿ ಎಲ್ಲ ಇಲ್ಲೂ ಇದೆ. ಪೇಟೆಯ ಬೀದಿಯ ಜೊತೆ ಹೋಲಿಸಿದರೆ ಉತ್ತರವೇ ತಪ್ಪಾಗುತ್ತದೆ.

ಊರಲ್ಲಿ ಮಾಡಬಹುದಾದದ್ದು

• ಸೋರಿದ ದಿನವೇ ಮನೆವಾರು ಪಟ್ಟಿ: ಹೆಸರು, ವಯಸ್ಸು, ಆ ಹೊತ್ತಿಗೆ ಎಲ್ಲಿದ್ದರು, ಏನಾಯಿತು, ಯಾವ ಆಸ್ಪತ್ರೆ. ಆಶಾ ಕಾರ್ಯಕರ್ತೆ, ಪಂಚಾಯಿತಿ ಸದಸ್ಯರು, ಕಾಲೇಜು ಹುಡುಗರು ಸೇರಿದರೆ ಎರಡು ದಿನದ ಕೆಲಸ.
• ಓಪಿಡಿ ಚೀಟಿ, ಎಕ್ಸ್‌ರೇ, ಔಷಧಿ ಬಿಲ್ ಎಸೆಯಬಾರದು. ಮೊಬೈಲ್‌ನಲ್ಲಿ ಫೋಟೊ ಇಟ್ಟುಕೊಳ್ಳಿ.
• ಸತ್ತ ದನಕರು, ಒಣಗಿದ ಗಿಡದ ಫೋಟೊ ತಾರೀಕು ಸಮೇತ ಇರಲಿ.
• ಸಮೀಕ್ಷೆ ಶುರುವಾಗುವ ಮೊದಲು ಗ್ರಾಮ ಸಭೆ ಕರೆಯಲು ಕೇಳಿ. ಪ್ರಶ್ನೆಪತ್ರ ಕನ್ನಡದಲ್ಲಿರಲಿ, ಮಹಿಳಾ ಸಿಬ್ಬಂದಿ ಇರಲಿ.

ಕೇಳುವ ಹಕ್ಕು ಇದೆ

ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿ ಪ್ರಕಾರ ಅಧ್ಯಯನಕ್ಕೆ ಒಪ್ಪಿಗೆ ಪಡೆಯಬೇಕು, ಅದೂ ಅರ್ಥವಾಗುವ ಭಾಷೆಯಲ್ಲಿ ವಿವರಿಸಿ. ಮಕ್ಕಳಾದರೆ ಹೆತ್ತವರ ಒಪ್ಪಿಗೆ, 7 ವರ್ಷ ದಾಟಿದ್ದರೆ ಮಗುವಿನದ್ದೂ ಬೇಕು. ಬೇಡವೆನಿಸಿದರೆ ನಡುವೆ ಬಿಡಬಹುದು, ಬಿಟ್ಟರೆ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಸಹಿ ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳಿ: ಖರ್ಚು ಯಾರದ್ದು? ನನ್ನ ರಿಪೋರ್ಟ್ ನನಗೆ ಯಾವಾಗ ಸಿಗುತ್ತದೆ? ಊರಿನ ಒಟ್ಟು ಫಲಿತಾಂಶ ಎಲ್ಲಿ, ಯಾವಾಗ ಹೇಳುತ್ತೀರಿ? ಕಾಯಿಲೆ ಕಂಡರೆ ಚಿಕಿತ್ಸೆ ಯಾರು ಕೊಡುತ್ತಾರೆ?

1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯಡಿ ಅಪಾಯಕಾರಿ ವಸ್ತುವಿನ ಅಪಘಾತದಲ್ಲಿ ನೊಂದವರು ಜಿಲ್ಲಾಧಿಕಾರಿಗೆ ಅರ್ಜಿ ಹಾಕಬಹುದು. ತಪ್ಪು ಯಾರದ್ದು ಎಂದು ಸಾಬೀತು ಮಾಡಬೇಕಿಲ್ಲ. ಆದರೆ ಅಪಘಾತ ಆದ 5 ವರ್ಷದೊಳಗೆ ಅರ್ಜಿ ಹೋಗಿರಬೇಕು. 1996ರ ರಾಸಾಯನಿಕ ಅಪಘಾತ ನಿಯಮಗಳ ಪ್ರಕಾರ ಜಿಲ್ಲಾ ಮಟ್ಟದಲ್ಲಿ ಬಿಕ್ಕಟ್ಟು ನಿರ್ವಹಣಾ ಸಮಿತಿ ಇರಬೇಕು. ಅದಕ್ಕೂ ಅಧ್ಯಕ್ಷರು ಜಿಲ್ಲಾಧಿಕಾರಿಯೇ. ಊರಿನ ಪಟ್ಟಿಯ ಒಂದು ಪ್ರತಿ ಅಲ್ಲಿಗೆ, ಒಂದು ತಾಲೂಕು ಆರೋಗ್ಯಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಮೂಲ ಪ್ರತಿ ಊರಲ್ಲೇ ಇರಲಿ.