ಕಾಪುವಿನ ದೀಪ, ಮುಂಬಯಿಯ ಮಂಡಳಿ

ವಿಲೆ ಪಾರ್ಲೆಯವರಿಗೆ ಕಡಲೆಂದರೆ ಜುಹು. ಆದರೆ ಸಂಜೆ ಅಲ್ಲಿ ಅಡ್ಡಾಡುವಾಗ ನಮ್ಮ ಕರಾವಳಿಯ ಅನೇಕರ ಕಣ್ಣಮುಂದೆ ನಿಲ್ಲುವುದು ಉಡುಪಿಯ ದಕ್ಷಿಣಕ್ಕಿರುವ ಮೀನುಗಾರರ ಊರು, ಕಾಪು.

ಅಲ್ಲಿನ ಬಂಡೆಯ ಮೇಲೆ 1901ರಲ್ಲಿ ಬ್ರಿಟಿಷರು ದೀಪಸ್ತಂಭ ಕಟ್ಟಿಸಿದರು. ಎತ್ತರ ಸುಮಾರು 27 ಮೀಟರ್. ನೀರಿನೊಳಗಿನ ಬಂಡೆಗಳಿಗೆ ಹಡಗುಗಳು ಬಡಿಯದಿರಲೆಂದು ಈ ಬೆಳಕು. ಮರುವರ್ಷ, 1902ರಲ್ಲಿ, ಅದೇ ಕರಾವಳಿಯಿಂದ ದುಡಿಯಲು ಬಂದ ಮೊಗವೀರರು ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಸ್ಥಾಪಿಸಿದರು. ಹಗಲೆಲ್ಲ ದುಡಿಯುವ ಹುಡುಗರಿಗೆ ಮಂಡಳಿ ರಾತ್ರಿಶಾಲೆ ನಡೆಸಿತು. ಊರು ಬಿಟ್ಟವರಿಗೆ ಅದೇ ದಾರಿದೀಪವಾಯಿತು.

ಇತ್ತ ಊರೂ ಬದಲಾಯಿತು. ಹತ್ತಾರು ಮಂದಿ ಸೇರಿ ದಡಕ್ಕೆಳೆದು, ಮೀನನ್ನು ಪಾಲು ಮಾಡಿಕೊಳ್ಳುತ್ತಿದ್ದ ರಂಪಣಿ ಬಲೆ, 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ಮೂಲೆ ಸೇರತೊಡಗಿತು. ಅಜ್ಜಂದಿರು ಬಿಟ್ಟುಬಂದ ಆ ದಡ ಇಂದು ಹಾಗೆಯೇ ಇಲ್ಲ. ದೀಪಸ್ತಂಭ ಮಾತ್ರ ಅಲ್ಲೇ ನಿಂತಿದೆ.

ಕುರ್ಲಾದಿಂದ ಮಧ್ಯಾಹ್ನ ಮತ್ಸ್ಯಗಂಧ ಹತ್ತಿದರೆ ಬೆಳಗಾಗುವಷ್ಟರಲ್ಲಿ ಉಡುಪಿ. ಮುಂದಿನ ರಜೆಗೆ ಊರಿಗೆ ಹೋದಾಗ ಒಂದು ಸಂಜೆ ಮಕ್ಕಳನ್ನು ಕಾಪುವಿಗೆ ಕರೆದೊಯ್ಯಿರಿ. ದೀಪಸ್ತಂಭದ ಮೇಲಿಂದ ದಡ ತೋರಿಸಿ, ನಮ್ಮವರು ಮುಂಬಯಿಗೆ ಹೊರಟದ್ದು ಇಲ್ಲಿಂದ ಎಂದು ಹೇಳಿ. ಹೇಳದಿದ್ದರೆ ಅವರಿಗೆ ಅದು ಬರೀ ಬೀಚು.