ಬಯಲನ್ನು ಓದಲು ಕಲಿತ ನೂರು ವರ್ಷ

ಹುಲ್ಲಿನ ಬಯಲು ಕಂಡ ಕೂಡಲೇ ಅಲ್ಲಿ ಗಿಡ ನೆಡಬೇಕೆನ್ನುವುದು ಇಂದಿನ ಪರಿಸರಪ್ರೇಮದ ಮೊದಲ ಮಾತಾಗಿದೆ. ಭೂಮಿಯ ಮೇಲೆ ಇನ್ನೂ 90 ಕೋಟಿ ಹೆಕ್ಟೇರ್ ಮರದ ಹೊದಿಕೆಗೆ ಜಾಗವಿದೆ ಎಂಬ ಲೆಕ್ಕ 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದಾಗ ಈ ಮಾತಿಗೆ ಇನ್ನಷ್ಟು ಬಲ ಸಿಕ್ಕಿತು. ಆ ಲೆಕ್ಕದೊಳಗೆ ಹುಲ್ಲುಗಾವಲುಗಳೂ ಸವನ್ನಾಗಳೂ ಸೇರಿಹೋಗಿವೆ ಎಂದು ಹಲವು ವಿಜ್ಞಾನಿಗಳು ಅದೇ ವರ್ಷ, ಅದೇ ಪತ್ರಿಕೆಯಲ್ಲಿ ಆಕ್ಷೇಪಿಸಿದರು. ಅವರ ಆಕ್ಷೇಪಕ್ಕೆ ಬೇಕಾದ ಆಧಾರ ಬಹುಕಾಲದಿಂದ ಸಿದ್ಧವಾಗುತ್ತಲೇ ಇತ್ತು. ಉತ್ತರ ಅಮೆರಿಕದ ಪ್ರೇರಿ ಬಯಲುಗಳ ಅಧ್ಯಯನ ಅದನ್ನು ನೂರು ವರ್ಷಗಳಲ್ಲಿ ಕಟ್ಟಿಕೊಟ್ಟಿದೆ. ಆ ಶಾಸ್ತ್ರದ ಪ್ರತಿಯೊಂದು ಮುನ್ನಡೆಯೂ ಬಂದದ್ದು ಒಂದೇ ನೆಲದ ಬಳಿಗೆ ಋತು ಋತುವಿಗೂ ಮರಳಿದವರಿಂದ.

ಅಮೆರಿಕದ ಸಸ್ಯವಿಜ್ಞಾನಿ ಫ್ರೆಡರಿಕ್ ಕ್ಲೆಮೆಂಟ್ಸ್ 1916ರಲ್ಲಿ ಮಂಡಿಸಿದ ಸಿದ್ಧಾಂತದಲ್ಲಿ ಸಸ್ಯವರ್ಗದ ಕೊನೆಯ ರೂಪವನ್ನು ಹವಾಮಾನವೇ ನಿರ್ಧರಿಸುತ್ತಿತ್ತು. ಬೆಂಕಿ, ಮೇಯುವಿಕೆ ಎರಡೂ ಅದರ ಪ್ರಕಾರ ಹೊರಗಿನ ಅಡಚಣೆಗಳು. ನೆಬ್ರಾಸ್ಕದ ಸಸ್ಯವಿಜ್ಞಾನಿ ಜಾನ್ ವೀವರ್ ಬಯಲನ್ನು ಅಗೆದು ಬೇರುಗಳನ್ನು ಅಳೆದರು. ಆಳೆತ್ತರದ ಬಿಗ್ ಬ್ಲೂಸ್ಟೆಮ್ ಹುಲ್ಲಿನ ಬೇರು ನೆಲದೊಳಗೆ ಎರಡು ಮೀಟರಿಗೂ ಕೆಳಗೆ ಇಳಿದಿತ್ತು. 1930ರ ದಶಕದ ಭೀಕರ ಬರದಲ್ಲಿ ಅದೇ ಬಯಲುಗಳು ಬದಲಾದ ಬಗೆಯನ್ನೂ ಅವರು ದಾಖಲಿಸಿದರು. ಆ ದಶಕದಲ್ಲೇ ವಿಸ್ಕಾನ್ಸಿನ್ನಿನ ಮ್ಯಾಡಿಸನ್‌ನಲ್ಲಿ ಉತ್ತು ಬಿಟ್ಟಿದ್ದ ಹೊಲವೊಂದರಲ್ಲಿ ಪ್ರೇರಿಯನ್ನು ಮರಳಿ ಬೆಳೆಸುವ ಕೆಲಸ ಶುರುವಾಯಿತು. ಇಂದಿನ ಕರ್ಟಿಸ್ ಪ್ರೇರಿ ಅದೇ. ಬೆಂಕಿ ಹಾಯದಿದ್ದರೆ ಹೊರಗಿನಿಂದ ಬಂದ ಹುಲ್ಲುಗಳು ಮೇಲುಗೈ ಪಡೆಯುತ್ತವೆ ಎಂಬುದನ್ನು 1940ರ ದಶಕದಲ್ಲಿ ಸಸ್ಯವಿಜ್ಞಾನಿ ಜಾನ್ ಕರ್ಟಿಸ್ ಅಲ್ಲಿ ಪ್ರಯೋಗ ಮಾಡಿ ತೋರಿಸಿದರು. ಶತ್ರುವೆಂದು ಎಣಿಸಿದ್ದ ಬೆಂಕಿ ಬಯಲಿನ ಬದುಕಿನೊಳಗಿನದೇ ಎಂದು ತಿಳಿದದ್ದು ಈ ಶಾಸ್ತ್ರದ ದೊಡ್ಡ ತಿರುವು.

ಆ ತಿರುವನ್ನು ದೃಢವಾದ ಜ್ಞಾನವಾಗಿಸಿದ್ದು ಕಾನ್ಸಾಸ್‌ನ ಫ್ಲಿಂಟ್ ಹಿಲ್ಸ್. ಎತ್ತರದ ಹುಲ್ಲಿನ ಪ್ರೇರಿಯಲ್ಲಿ ಇಂದು ಉಳಿದಿರುವುದು ಸುಮಾರು ಶೇಕಡಾ 4. ಕಲ್ಲುನೆಲದಲ್ಲಿ ನೇಗಿಲು ಇಳಿಯದ್ದರಿಂದ ಅದರ ಬಹುಪಾಲು ಈ ಗುಡ್ಡಗಳಲ್ಲಿ ಬದುಕಿದೆ. ಪರಿಸರವಿಜ್ಞಾನಿ ಲಾಯ್ಡ್ ಹಲ್ಬರ್ಟ್ 1970ರ ದಶಕದ ಆರಂಭದಲ್ಲಿ ಅಲ್ಲಿ ಕಟ್ಟಿದ ಕೊನ್ಜಾ ಪ್ರೇರಿ ಸಂಶೋಧನಾ ಕೇಂದ್ರದಲ್ಲಿ ಇಡೀ ನೀರಹರಿವಿನ ಪ್ರದೇಶಗಳಿಗೇ ಬೇರೆಬೇರೆ ಅಂತರದಲ್ಲಿ ಬೆಂಕಿ ಕೊಡುತ್ತಾರೆ: ಒಂದಕ್ಕೆ ವರ್ಷವರ್ಷ, ಇನ್ನೊಂದಕ್ಕೆ 4 ವರ್ಷಕ್ಕೊಮ್ಮೆ, ಮತ್ತೊಂದಕ್ಕೆ 20 ವರ್ಷಕ್ಕೊಮ್ಮೆ. ಬೆಂಕಿ ಅಪರೂಪವಾದಲ್ಲಿ ಪೊದೆಗಳು, ರೆಡ್ ಸೀಡರ್ ಮರಗಳು ಬಯಲನ್ನು ನುಂಗುತ್ತವೆ. ಮೇಯುವ ಪ್ರಾಣಿಯಿಲ್ಲದೆ ವರ್ಷವೂ ಸುಟ್ಟರೆ ಎತ್ತರದ ಹುಲ್ಲು ಹಬ್ಬಿ ಹೂಗಿಡಗಳು ಕಡಿಮೆಯಾಗುತ್ತವೆ. 1987ರಲ್ಲಿ ಬೈಸನ್‌ಗಳನ್ನು ಮರಳಿ ತಂದಾಗ ಅವು ಹುಲ್ಲನ್ನೇ ಆರಿಸಿ ಮೇಯ್ದವು, ಹೂಗಿಡಗಳಿಗೆ ಎಡೆ ಸಿಕ್ಕಿತು. ಬೆಂಕಿ ಕೀಟಗಳನ್ನು ಕೊಲ್ಲುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಇಡೀ ಬಯಲನ್ನು ಒಮ್ಮೆಲೇ ಸುಡುವುದು ತಪ್ಪು. ಒಕ್ಲಹೋಮದ ಸ್ಯಾಮ್ ಫೂಲೆನ್‌ಡಾರ್ಫ್, ಡೇವಿಡ್ ಎಂಗಲ್ 2001ರಲ್ಲಿ ಮುಂದಿಟ್ಟ ದಾರಿ ಬೇರೆ: ಒಂದೊಂದು ವರ್ಷ ಒಂದೊಂದು ತುಂಡಿಗೆ ಬೆಂಕಿ, ಸುಟ್ಟಲ್ಲಿ ಚಿಗುರಿದ ಹುಲ್ಲನ್ನು ದನ ಮೇಯುತ್ತವೆ, ಸುಡದ ಕಡೆ ಹಕ್ಕಿಗೂ ಹುಳುವಿಗೂ ಆಸರೆ ಉಳಿಯುತ್ತದೆ. ನಿರ್ವಹಣೆಯ ದಾರಿಗಳಲ್ಲಿ ಇದಕ್ಕಿಂತ ವಿವೇಕದ್ದು ಇನ್ನೊಂದಿಲ್ಲ.

ಪ್ರೇರಿ ಅಧ್ಯಯನದ ಕಥೆ ಹೇಳುವಾಗ ಸಾಮಾನ್ಯವಾಗಿ ಬಿಟ್ಟುಹೋಗುವುದು ಛಾಯಾಗ್ರಹಣ. ಅದು ಬರೀ ಅಲಂಕಾರವೆಂಬ ಭಾವನೆ ಸರಿಯಲ್ಲ. 1978ರಿಂದ ಪ್ರೇರಿಯನ್ನು ಚಿತ್ರಿಸಿದ ಟೆರಿ ಎವಾನ್ಸ್ ದಿಗಂತದಿಂದ ಕಣ್ಣು ಕಿತ್ತು ಕಾಲಡಿಯ ಹುಲ್ಲಿನ ಹೆಣಿಗೆಯನ್ನು ನೋಡಿದರು. ಲ್ಯಾರಿ ಶ್ವಾರ್ಮ್ ಫ್ಲಿಂಟ್ ಹಿಲ್ಸ್‌ನ ವಸಂತದ ಬೆಂಕಿಯನ್ನು ವರ್ಷವರ್ಷವೂ ಚಿತ್ರಿಸಿದರು. ನೆಬ್ರಾಸ್ಕದ ಪರಿಸರವಿಜ್ಞಾನಿ ಕ್ರಿಸ್ ಹೆಲ್ಜರ್ 2018ರಲ್ಲಿ ಒಂದೇ ಒಂದು ಚದರ ಮೀಟರ್ ಪ್ರೇರಿಯನ್ನು ಇಡೀ ವರ್ಷ ಚಿತ್ರಿಸಿ ಅಲ್ಲಿ 113 ಬಗೆಯ ಸಸ್ಯ, ಪ್ರಾಣಿಗಳನ್ನು ಕಂಡರು. ವಸಂತದ ಕಪ್ಪು ಬೂದಿ, ಬೇಸಿಗೆಯ ಹೂ, ಶರತ್ಕಾಲದ ಕೆಂಗಂದು ಹುಲ್ಲು, ಹಿಮದಲ್ಲಿ ನಿಂತ ಒಣದಂಟು: ಇವುಗಳಲ್ಲಿ ಯಾವ ಒಂದನ್ನಷ್ಟೇ ಕಂಡರೂ ಪ್ರೇರಿ ಅರ್ಥವಾಗುವುದಿಲ್ಲ. ಬೂದಿಯನ್ನಷ್ಟೇ ಕಂಡವರು ನಾಶವೆಂದಾರು, ಒಣದಂಟನ್ನಷ್ಟೇ ಕಂಡವರು ಬಂಜರೆಂದಾರು.

ಮರ ಇಂಗಾಲವನ್ನು ಹಿಡಿದಿಡುತ್ತದೆ, ಹುಲ್ಲಿನಿಂದೇನು ಲಾಭ ಎಂಬ ಪ್ರಶ್ನೆಗೆ ವೀವರ್ ಅಗೆದ ಬೇರುಗಳಲ್ಲೇ ಉತ್ತರವಿದೆ. ಹುಲ್ಲಿನ ಇಂಗಾಲದ ಬಹುಪಾಲು ನೆಲದೊಳಗಿದೆ, ಅಲ್ಲಿಗೆ ಬೆಂಕಿ ತಲುಪುವುದಿಲ್ಲ. ಶಾಸ್ತ್ರದ ನಿಜವಾದ ಕೊರತೆ ಬೇರೆ ಕಡೆ ಇದೆ. ಕೊನ್ಜಾ ಎಂಬ ಹೆಸರು ಬಂದದ್ದು ಕಾನ್ಸಾ ಮೂಲನಿವಾಸಿಗಳಿಂದ. ಆ ಬಯಲುಗಳಿಗೆ ಬೆಂಕಿ ಕೊಡುತ್ತಿದ್ದ ಮೂಲನಿವಾಸಿಗಳ ತಿಳಿವು ಮಾತ್ರ ಬಹುಕಾಲ ಶಾಸ್ತ್ರದ ಹೊರಗೇ ಉಳಿಯಿತು. ಹುಲ್ಲನ್ನು ಬಲ್ಲವರ ತಿಳಿವನ್ನು ಹೊರಗಿಡುವ ಅದೇ ತಪ್ಪನ್ನು ಕರ್ನಾಟಕ ಇನ್ನೂ ಮಾಡುತ್ತಿದೆ. ಕೃಷ್ಣಮೃಗಕ್ಕೆಂದು ಮೀಸಲಾದ ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ನೀಲಗಿರಿ ತೋಪುಗಳೆದ್ದವು. ಅಮೃತಮಹಲ್ ತಳಿಯ ದನಗಳ ಕಾವಲುಗಳು ಪಾಳುಭೂಮಿಯೆಂದು ಎಣಿಸಲ್ಪಟ್ಟು ಕರಗಿದವು. ಹುಲ್ಲಿಗೆಂದು ಕಾಯ್ದ ನೆಲಕ್ಕೆ ಕನ್ನಡದಲ್ಲಿ ಕಾವಲು ಎಂಬ ಹೆಸರಿದೆ. ಅದನ್ನು ಕಾಯ್ದ ದನಗಾಹಿಗಳ ತಿಳಿವನ್ನೂ ವಿಜ್ಞಾನದ ಲೆಕ್ಕಕ್ಕೆ ಸೇರಿಸಿಕೊಂಡು, ನಾಲ್ಕೂ ಕಾಲದಲ್ಲಿ ಆ ನೆಲದ ಬಳಿಗೆ ಹೋಗುವ ಕೆಲಸ ಇಲ್ಲಿ ಇನ್ನು ಆಗಬೇಕು.